ಸ್ಟೇಡಿಯಂ ನಡೆಸುವುದೂ ಒಂದು ವಿದ್ಯೆ

ಮಕ್ಕಳೇ, ಈ ಸಲ ಏಳನೇ ತರಗತಿಯ ಹುಡುಗನೊಬ್ಬನ ಪತ್ರಕ್ಕೆ ಉತ್ತರ ಕೊಡೋಣ. ಅವನು ಬರೆದಿರುವುದು ಇಷ್ಟು: “ನನಗೆ ಕ್ರಿಕೆಟ್ ಅಂದರೆ ಪ್ರಾಣ. ಆದರೆ ಶಾಲೆಯ ತಂಡಕ್ಕೆ ನನ್ನನ್ನು ಸೇರಿಸಿಕೊಳ್ಳುವುದಿಲ್ಲ. ಜೋರಾಗಿ ಓಡಲು ಬರುವುದಿಲ್ಲ, ಕ್ಯಾಚ್ ಹಿಡಿಯಲೂ ಬರುವುದಿಲ್ಲ. ದೊಡ್ಡವನಾದ ಮೇಲೆ ಸ್ಟೇಡಿಯಂನಲ್ಲೇ ಕೆಲಸ ಮಾಡಬೇಕೆಂದು ಆಸೆ. ಆಟಗಾರ, ಅಂಪೈರ್ ಬಿಟ್ಟು ಅಲ್ಲಿ ಬೇರೆ ಕೆಲಸ ಇದೆಯೇ?”

ಇದೆಯಪ್ಪಾ, ಬೇಕಾದಷ್ಟಿದೆ. ಟಿ.ವಿ.ಯಲ್ಲಿ ಪಂದ್ಯ ನೋಡುವಾಗ ನಮಗೆ ಕಾಣುವುದು ಮೈದಾನದಲ್ಲಿರುವ ಹದಿನೈದು ಜನ ಮಾತ್ರ. ಕಾಣದವರು ನೂರಾರು ಮಂದಿ. ಗೇಟಿನಲ್ಲಿ ಟಿಕೆಟ್ ನೋಡುವವರು, ಹುಲ್ಲು ಕತ್ತರಿಸುವವರು, ದೀಪ ಹೊತ್ತಿಸುವವರು, ಕುಡಿಯುವ ನೀರು ತುಂಬಿಸುವವರು, ಶೌಚಾಲಯ ತೊಳೆಯುವವರು, ಆಂಬುಲೆನ್ಸ್ ನಿಲ್ಲಲು ಜಾಗ ಕಾಯ್ದಿಡುವವರು. ಇವರೆಲ್ಲರ ಕೆಲಸವನ್ನು ಒಂದೇ ದಾರದಲ್ಲಿ ಪೋಣಿಸುವವರೊಬ್ಬರು ಇರುತ್ತಾರೆ. ಅವರೇ ಸ್ಟೇಡಿಯಂ ಮ್ಯಾನೇಜರ್, ಅಂದರೆ ಕ್ರೀಡಾಂಗಣದ ವ್ಯವಸ್ಥಾಪಕರು.

“ಅದಕ್ಕೇನು ಓದಬೇಕು? ಬೀಗದ ಕೈ ಇಟ್ಟುಕೊಂಡರೆ ಸಾಲದೇ?” ಎಂದು ಮನೆಯಲ್ಲಿ ಅಜ್ಜ ಕೇಳಬಹುದು. ಹಿಂದೆ ಬಹಳ ಕಡೆ ಹಾಗೇ ನಡೆಯುತ್ತಿತ್ತು. ಈಗ ಇದಕ್ಕೆಂದೇ ಶಾಲೆಗಳಿವೆ, ಪದವಿಗಳಿವೆ, ಪರೀಕ್ಷೆಗಳಿವೆ. ಅಲ್ಲಿ ಕಲಿಸುವುದನ್ನು ಸರಳವಾಗಿ ಮೂರು ಲೆಕ್ಕಗಳಾಗಿ ಹೇಳಬಹುದು: ದಿನದ ಲೆಕ್ಕ, ಹುಲ್ಲಿನ ಲೆಕ್ಕ, ಜನರ ಲೆಕ್ಕ. ಒಂದೊಂದಾಗಿ ನೋಡೋಣ.

ದಿನದ ಲೆಕ್ಕ

ನಿಮ್ಮ ಊರಿನ ಕಲ್ಯಾಣ ಮಂಟಪವನ್ನು ನೆನಪಿಸಿಕೊಳ್ಳಿ. ಮುಹೂರ್ತ ಇರುವ ದಿನ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆಷಾಢ ಬಂತೆಂದರೆ ಬಾಗಿಲು ಹಾಕಿರುತ್ತದೆ. ಆದರೆ ಕಾವಲುಗಾರನ ಸಂಬಳ, ಕರೆಂಟ್ ಬಿಲ್ಲು, ಕಟ್ಟಡದ ತೆರಿಗೆ, ಸೋರುವ ಚಾವಣಿಯ ರಿಪೇರಿ ಆಷಾಢವೆಂದು ನಿಲ್ಲುತ್ತವೆಯೇ? ಇಲ್ಲ.

ಸ್ಟೇಡಿಯಂ ಕೂಡ ಹಾಗೆಯೇ. ಅದರ ಆಷಾಢ ಮಾತ್ರ ಬಹಳ ಉದ್ದ. ಒಂದು ಐಪಿಎಲ್ ತಂಡ ಲೀಗ್ ಹಂತದಲ್ಲಿ ತನ್ನ ಪಾಲಿನ ಊರಿನಲ್ಲಿ ಆಡುವುದು 7 ಪಂದ್ಯ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್‌ನಲ್ಲಿ ಒಂದು ತಂಡಕ್ಕೆ ಸ್ವಂತ ಮೈದಾನದಲ್ಲಿ ಸಿಗುವುದು 19 ಪಂದ್ಯ. ಬೇರೆ ಟೂರ್ನಿಗಳ ಪಂದ್ಯಗಳನ್ನು ಸೇರಿಸಿದರೂ, ವರ್ಷದ 365 ದಿನಗಳಲ್ಲಿ ಸ್ಟ್ಯಾಂಡುಗಳು ತುಂಬುವ ದಿನಗಳು ಕೆಲವೇ. ಉಳಿದ ದಿನ ಸಾವಿರಾರು ಕುರ್ಚಿಗಳು ಬಿಸಿಲು ಕಾಯಿಸುತ್ತಾ ಕುಳಿತಿರುತ್ತವೆ. ಹುಲ್ಲಿಗೆ ಮಾತ್ರ ದಿನವೂ ನೀರು ಬೇಕು.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಎಲ್ಲ ತರಗತಿಗಳಲ್ಲೂ ಹೇಳುವ ಕಥೆ ಕೆನಡಾ ದೇಶದ ಮಾಂಟ್ರಿಯಲ್ ನಗರದ್ದು. ಅಲ್ಲಿ 1976ರಲ್ಲಿ ಒಲಿಂಪಿಕ್ಸ್ ನಡೆಯಿತು. ಅದಕ್ಕಾಗಿ ಭಾರೀ ಸ್ಟೇಡಿಯಂ ಕಟ್ಟಿದರು. ಖರ್ಚು ಅಂದಾಜನ್ನು ಎಷ್ಟೋ ಪಟ್ಟು ಮೀರಿತು. ಆಟ ನಡೆದದ್ದು ಹದಿನಾರು ದಿನ. ಸಾಲ ತೀರಿದ್ದು 2006ರಲ್ಲಿ! ಒಲಿಂಪಿಕ್ಸ್ ನೋಡಿದ ಮಕ್ಕಳು ದೊಡ್ಡವರಾಗಿ, ಅವರಿಗೇ ಮಕ್ಕಳಾಗುವವರೆಗೂ ಆ ಸಾಲ ಇತ್ತು. ಅದನ್ನು ತೀರಿಸಲು ಸಿಗರೇಟು, ತಂಬಾಕಿನ ಮೇಲೆ ವಿಶೇಷ ತೆರಿಗೆ ಹಾಕಬೇಕಾಯಿತು. ಆ ಸ್ಟೇಡಿಯಂನಲ್ಲಿ ಆಡುತ್ತಿದ್ದ ಬೇಸ್‌ಬಾಲ್ ತಂಡವೂ 2004ರ ನಂತರ ಊರು ಬಿಟ್ಟು ಹೋಯಿತು. ಇಂಥ ಕಟ್ಟಡಗಳನ್ನೇ ಹಿರಿಯರು ‘ಬಿಳಿಯಾನೆ’ ಎನ್ನುವುದು. ಸಾಕುವ ಖರ್ಚು ಹೆಚ್ಚು, ದುಡಿಮೆ ಕಡಿಮೆ.

ಹಾಗಾದರೆ ಜಾಣ ವ್ಯವಸ್ಥಾಪಕರು ಏನು ಮಾಡುತ್ತಾರೆ? ಖಾಲಿ ದಿನಗಳಿಗೆ ಕೆಲಸ ಹುಡುಕುತ್ತಾರೆ. ಸ್ಪೇನಿನ ಬಾರ್ಸಿಲೋನಾ ಫುಟ್‌ಬಾಲ್ ಕ್ಲಬ್ಬಿನ ವಸ್ತುಸಂಗ್ರಹಾಲಯ ಆ ನಗರದಲ್ಲಿ ಅತಿ ಹೆಚ್ಚು ಜನ ಭೇಟಿ ಕೊಡುವ ಸಂಗ್ರಹಾಲಯಗಳಲ್ಲಿ ಒಂದು. ಪಂದ್ಯ ಇಲ್ಲದ ದಿನವೂ ಜನ ಟಿಕೆಟ್ ಕೊಂಡು ಬರುತ್ತಾರೆ. ಲಂಡನ್ನಿನ ಲಾರ್ಡ್ಸ್‌ನಲ್ಲಿ ಆಟಗಾರರ ಕೋಣೆ, ಪೆವಿಲಿಯನ್ ತೋರಿಸುವ ಪ್ರವಾಸ ಇದೆ. ಬೇರೆ ಕಡೆ ಸಂಗೀತ ಕಾರ್ಯಕ್ರಮ, ಪ್ರದರ್ಶನ, ಕಂಪನಿಗಳ ಸಭೆ, ಮದುವೆ ಆರತಕ್ಷತೆ ಎಲ್ಲವೂ ನಡೆಯುತ್ತವೆ. ಸ್ಟೇಡಿಯಂಗೆ ಒಂದು ಕಂಪನಿಯ ಹೆಸರಿಡಲು ಹಣ ಪಡೆಯುವುದೂ ಉಂಟು.

ಇದರಲ್ಲಿ ಒಂದು ಎಚ್ಚರ ಬೇಕು. ಶನಿವಾರ ರಾತ್ರಿ ಸಂಗೀತ ಕಾರ್ಯಕ್ರಮ ಇಟ್ಟು, ಸಾವಿರಾರು ಜನ ಹುಲ್ಲಿನ ಮೇಲೆ ಕುಣಿದರೆ, ಸೋಮವಾರ ಅಲ್ಲಿ ಪಂದ್ಯ ಆಡಲಾಗುತ್ತದೆಯೇ? ಅದಕ್ಕೇ ಎರಡನೆಯ ಲೆಕ್ಕ.

ಹುಲ್ಲಿನ ಲೆಕ್ಕ

ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 1965ರಲ್ಲಿ ಆಸ್ಟ್ರೋಡೋಮ್ ಎಂಬ ಸ್ಟೇಡಿಯಂ ಆರಂಭವಾಯಿತು. ಬೇಸ್‌ಬಾಲ್ ಆಡುವ ಇಡೀ ಮೈದಾನದ ಮೇಲೆ ಗುಮ್ಮಟದಂಥ ಚಾವಣಿ! ಆ ಊರಿನ ಸೆಕೆ, ಸೊಳ್ಳೆ, ಮಳೆ ಯಾವುದೂ ಒಳಗೆ ಬರುವಂತಿಲ್ಲ. ಹುಲ್ಲಿಗೆ ಬಿಸಿಲು ಸಿಗಲೆಂದು ಚಾವಣಿಗೆ ಪಾರದರ್ಶಕ ಹಲಗೆಗಳನ್ನು ಹಾಕಿದ್ದರು.

ಆಟ ಶುರುವಾದ ಮೇಲೆ ತೊಂದರೆ ಗೊತ್ತಾಯಿತು. ಹಗಲಿನಲ್ಲಿ ಆ ಹಲಗೆಗಳ ಝಳಕ್ಕೆ ಮೇಲೆ ಹೋದ ಚೆಂಡು ಆಟಗಾರರ ಕಣ್ಣಿಗೆ ಕಾಣುತ್ತಿರಲಿಲ್ಲ. ಸರಿ, ಹಲಗೆಗಳಿಗೆ ಬಣ್ಣ ಬಳಿದರು. ಚೆಂಡು ಕಾಣಿಸಿತು. ಆದರೆ ಬಿಸಿಲಿಲ್ಲದೆ ಹುಲ್ಲು ಸತ್ತುಹೋಯಿತು! ಕೊನೆಗೆ 1966ರಲ್ಲಿ ಪ್ಲಾಸ್ಟಿಕ್‌ನ ಕೃತಕ ಹುಲ್ಲನ್ನು ಹಾಸಿದರು. ಇಂದು ಎಷ್ಟೋ ಶಾಲೆಗಳ ಅಂಗಳದಲ್ಲಿ ಕಾಣುವ ‘ಟರ್ಫ್’ ಹೆಸರಾದದ್ದು ಹೀಗೆ. ಒಂದು ತೊಂದರೆಗೆ ಮದ್ದು ಮಾಡುವಾಗ ಅದು ಇನ್ನೊಂದು ತೊಂದರೆಯನ್ನು ಹುಟ್ಟಿಸುತ್ತದೆಯೇ ಎಂದು ಮೊದಲೇ ಯೋಚಿಸಬೇಕು. ಈ ವಿದ್ಯೆಯಲ್ಲಿ ಇದು ದೊಡ್ಡ ಪಾಠ.

ಆಸ್ಟ್ರೇಲಿಯಾದ ಮೆಲ್ಬರ್ನ್ ಕ್ರಿಕೆಟ್ ಮೈದಾನದವರ ಉಪಾಯ ಬೇರೆ. ಅಲ್ಲಿ ಬೇಸಗೆಯಲ್ಲಿ ಕ್ರಿಕೆಟ್, ಚಳಿಗಾಲದಲ್ಲಿ ಅವರದೇ ಬಗೆಯ ಫುಟ್‌ಬಾಲ್. ರೈತರು ಒಂದೇ ಹೊಲದಲ್ಲಿ ಎರಡು ಬೆಳೆ ತೆಗೆಯುವಂತೆ. ಆದರೆ ಕ್ರಿಕೆಟ್‌ಗೆ ಗಟ್ಟಿ ಪಿಚ್ ಬೇಕು, ಫುಟ್‌ಬಾಲ್‌ಗೆ ಮೆತ್ತನೆ ಹುಲ್ಲು ಬೇಕು. ಅದಕ್ಕಾಗಿ ಪಿಚ್ಚನ್ನು ಬೇರೆ ಕಡೆ ದೊಡ್ಡ ತಟ್ಟೆಯಂಥ ಅಚ್ಚಿನಲ್ಲಿ ಬೆಳೆಸಿ, ಕ್ರಿಕೆಟ್ ಕಾಲ ಬಂದಾಗ ವಾಹನದ ಮೇಲೆ ತಂದು ಮೈದಾನದ ನಡುವೆ ಕೂರಿಸುತ್ತಾರೆ. ಕಾಲ ಮುಗಿದ ಮೇಲೆ ಎತ್ತಿಕೊಂಡು ಹೋಗುತ್ತಾರೆ. ಅಜ್ಜಿ ಕುಂಡದಲ್ಲಿ ಬೆಳೆಸಿದ ತುಳಸಿಯನ್ನು ಹಬ್ಬಕ್ಕೆ ಅಂಗಳಕ್ಕೆ ತಂದಿಡುವುದಿಲ್ಲವೇ, ಹಾಗೆ.

ನಮ್ಮ ಬೆಂಗಳೂರಿನದೂ ಒಂದು ಕಥೆಯಿದೆ. 2015ರ ನವೆಂಬರ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾ ನಡುವೆ ಟೆಸ್ಟ್ ಪಂದ್ಯ. ಅದು ಎಬಿ ಡಿವಿಲಿಯರ್ಸ್ ಅವರ ನೂರನೇ ಟೆಸ್ಟ್. ಮೊದಲ ದಿನ ಆಟ ನಡೆಯಿತು. ಆಮೇಲೆ ನಾಲ್ಕೂ ದಿನ ಮಳೆ, ಒದ್ದೆ ಮೈದಾನ. ಒಂದು ಚೆಂಡನ್ನೂ ಎಸೆಯಲಾಗಲಿಲ್ಲ. ಅದಾದ ಮೇಲೆ, 2017ರಲ್ಲಿ, ಅಲ್ಲಿನ ಮೈದಾನದ ಕೆಳಗೆ ಕೊಳವೆಗಳ ಜಾಲ ಹಾಕಿ ‘ಸಬ್‌ಏರ್’ ಎಂಬ ವ್ಯವಸ್ಥೆ ಅಳವಡಿಸಿದರು. ಮಳೆ ಬಂದರೆ ಯಂತ್ರ ಕೆಳಗಿನಿಂದ ಗಾಳಿಯ ಜೊತೆ ನೀರನ್ನು ಹೀರಿಕೊಳ್ಳುತ್ತದೆ, ನಾವು ಸ್ಟ್ರಾದಲ್ಲಿ ಎಳನೀರು ಹೀರಿದಂತೆ. ಕ್ರಿಕೆಟ್ ಮೈದಾನಕ್ಕೆ ಇದನ್ನು ಹಾಕಿದ್ದು ಜಗತ್ತಿನಲ್ಲೇ ಮೊದಲು. ಅದೇ ಕ್ರೀಡಾಂಗಣದ ಚಾವಣಿಯ ಮೇಲೆ 2015ರಿಂದ ಸೌರಫಲಕಗಳೂ ಇವೆ. ಪಂದ್ಯವಿಲ್ಲದ ದಿನವೂ ಅವು ಸುಮ್ಮನಿರದೆ ವಿದ್ಯುತ್ ಮಾಡುತ್ತಿರುತ್ತವೆ.

ಪಂದ್ಯ ನಿಂತರೆ ಟಿಕೆಟ್ ಹಣ ಹೋಗುತ್ತದೆ, ಟಿ.ವಿ. ಹಣ ಹೋಗುತ್ತದೆ, ಕಡಲೆಕಾಯಿ ಮಾರುವವನ ಸಂಪಾದನೆಯೂ ಹೋಗುತ್ತದೆ. ಹೀಗೆ ನೆಲದಡಿಯ ಕೊಳವೆಗೂ ಲೆಕ್ಕದ ಪುಸ್ತಕಕ್ಕೂ ನಂಟಿದೆ.

ಜನರ ಲೆಕ್ಕ

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಮೊದಲ ಎರಡು ಲೆಕ್ಕ ತಪ್ಪಿದರೆ ಹಣ ಹೋಗುತ್ತದೆ. ಇದು ತಪ್ಪಿದರೆ ಹೋದದ್ದು ಮರಳಿ ಬರುವುದಿಲ್ಲ.

ರೋಮ್ ನಗರದ ಕೊಲೋಸಿಯಂ ಚಿತ್ರವನ್ನು ನಿಮ್ಮ ಚರಿತ್ರೆ ಪುಸ್ತಕದಲ್ಲಿ ನೋಡಿರುತ್ತೀರಿ. ಕ್ರಿ.ಶ. 80ರಲ್ಲಿ ಅದು ತೆರೆದಾಗ ಸುತ್ತಲೂ 80 ಕಮಾನು ಬಾಗಿಲುಗಳಿದ್ದವು. ಅವುಗಳಲ್ಲಿ 76ಕ್ಕೆ ಸಂಖ್ಯೆ ಕೆತ್ತಿದ್ದರು. ಕೆಲವು ಸಂಖ್ಯೆಗಳು ಇಂದಿಗೂ ಕಾಣುತ್ತವೆ. ನೋಡುಗರು ತಮ್ಮ ಸಂಖ್ಯೆಯ ಬಾಗಿಲಿನಿಂದಲೇ ಒಳಗೆ ಹೋಗಬೇಕಿತ್ತು. ಸಾವಿರಾರು ಜನ ಒಂದೇ ಬಾಗಿಲಿಗೆ ಮುಗಿಬೀಳಬಾರದು ಎಂಬ ತಿಳಿವು ಎರಡು ಸಾವಿರ ವರ್ಷ ಹಳೆಯದು.

ಆದರೂ ಮನುಷ್ಯರು ಮರೆತರು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಐಬ್ರಾಕ್ಸ್ ಸ್ಟೇಡಿಯಂನಲ್ಲಿ 1971ರ ಜನವರಿ 2ರಂದು ಫುಟ್‌ಬಾಲ್ ಪಂದ್ಯ ಮುಗಿಸಿ ಜನ ಮೆಟ್ಟಿಲಿಳಿಯುತ್ತಿದ್ದಾಗ ಒಬ್ಬರ ಮೇಲೊಬ್ಬರು ಬಿದ್ದು 66 ಮಂದಿ ತೀರಿಕೊಂಡರು. ಬ್ರಿಟನ್ನಿನಲ್ಲಿ ಸ್ಟೇಡಿಯಂ ಸುರಕ್ಷತೆಗೆಂದು ಒಂದು ಕೈಪಿಡಿ 1973ರಲ್ಲೂ, ಕಾನೂನು 1975ರಲ್ಲೂ ಬಂದವು. ಆ ಕೈಪಿಡಿಯನ್ನು ಎಲ್ಲರೂ ‘ಗ್ರೀನ್ ಗೈಡ್’ ಎನ್ನುತ್ತಾರೆ.

ಪುಸ್ತಕ ಇದ್ದರೆ ಸಾಲದು, ಅದನ್ನು ಓದಿ ನಡೆಯುವವರು ಬೇಕು. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ, ಹಿಲ್ಸ್‌ಬರೋ ಎಂಬ ಸ್ಟೇಡಿಯಂನಲ್ಲಿ ದೊಡ್ಡ ಪಂದ್ಯವಿತ್ತು. ಗೇಟಿನ ಹೊರಗೆ ನೂಕುನುಗ್ಗಲು. ಅದನ್ನು ತಗ್ಗಿಸಲೆಂದು ಇನ್ನೊಂದು ದೊಡ್ಡ ಗೇಟು ತೆರೆಸಿದರು. ಜನ ಎದುರಿಗೆ ಕಂಡ ಸುರಂಗದ ದಾರಿಯಲ್ಲಿ ಹೋದರು. ಆ ದಾರಿ ತಲುಪುತ್ತಿದ್ದುದು ಆಗಲೇ ಕಿಕ್ಕಿರಿದಿದ್ದ, ಮುಂದೆ ಬೇಲಿ ಇದ್ದ ಜಾಗಕ್ಕೆ. ಅಕ್ಕಪಕ್ಕದಲ್ಲಿ ಜಾಗ ಖಾಲಿಯಿತ್ತು. ಅತ್ತ ಹೋಗಿ ಎಂದು ತೋರಿಸುವವರು ಯಾರೂ ಇರಲಿಲ್ಲ. 97 ಜನ ಪ್ರಾಣ ಕಳೆದುಕೊಂಡರು. ಬಹಳ ವರ್ಷ ತಪ್ಪನ್ನು ನೋಡಲು ಬಂದವರ ಮೇಲೆಯೇ ಹೊರಿಸಲಾಗಿತ್ತು. ಅವರ ತಪ್ಪೇನೂ ಇರಲಿಲ್ಲ ಎಂದು ನ್ಯಾಯಮಂಡಳಿ ಹೇಳಿದ್ದು 2016ರಲ್ಲಿ.

ನಾವು ಇಂಥ ಘಟನೆಗಳನ್ನು ‘ಕಾಲ್ತುಳಿತ’ ಎನ್ನುತ್ತೇವೆ. ಯಾರೋ ಯಾರನ್ನೋ ತುಳಿದುಕೊಂಡು ಓಡಿದರು ಎಂಬ ಚಿತ್ರ ಕಣ್ಣಿಗೆ ಬರುತ್ತದೆ. ಆದರೆ ಹೆಚ್ಚಿನವರು ತೀರಿಕೊಳ್ಳುವುದು ನಿಂತಲ್ಲೇ, ಎದೆ ಅಗಲಿಸಿ ಉಸಿರೆಳೆಯಲು ಜಾಗವಿಲ್ಲದೆ. ಹಿಂದಿನವರಿಗೆ ಮುಂದೆ ಏನಾಗುತ್ತಿದೆ ಎಂದು ಕಾಣುವುದೇ ಇಲ್ಲ. ಆದ್ದರಿಂದ ಜನರನ್ನು ಬೈದು ಪ್ರಯೋಜನವಿಲ್ಲ. ಎಷ್ಟು ಜನರಿಗೆ ಎಷ್ಟು ಜಾಗ, ಎಷ್ಟು ಬಾಗಿಲು ಎಂದು ಮೊದಲೇ ಲೆಕ್ಕ ಹಾಕಬೇಕು.

ಆ ಲೆಕ್ಕ ನಿಮಗೂ ಬರುತ್ತದೆ. ಒಬ್ಬೊಬ್ಬರೇ ಹಾದುಹೋಗುವ ತಿರುಗುಗೇಟು ಒಂದರಿಂದ ಗಂಟೆಗೆ ಹೆಚ್ಚೆಂದರೆ 660 ಜನ ಒಳಗೆ ಬರಬಹುದು ಎಂದು ಗ್ರೀನ್ ಗೈಡ್ ಹೇಳುತ್ತದೆ. ಒಂದು ಗಂಟೆಯಲ್ಲಿ 33,000 ಜನ ಒಳಗೆ ಬರಬೇಕಾದರೆ ಎಷ್ಟು ಗೇಟು ಬೇಕು? 33,000 ಭಾಗಿಸು 660, ಅಂದರೆ 50 ಗೇಟು. ಅದರಲ್ಲಿ 10 ಗೇಟು ತೆರೆಯಲೇ ಇಲ್ಲ ಅನ್ನಿ. ಆ ಗಂಟೆಯಲ್ಲಿ 6,600 ಜನ ಹೊರಗೇ ಉಳಿಯುತ್ತಾರೆ. ಒಳಗಿನಿಂದ ಚಪ್ಪಾಳೆ ಕೇಳಿದೊಡನೆ ಅವರು ಮುಂದಕ್ಕೆ ತಳ್ಳತೊಡಗುತ್ತಾರೆ.

ಹೊರಹೋಗುವ ಲೆಕ್ಕವೂ ಇದೆ. ಸಮತಟ್ಟಾದ ದಾರಿಯಲ್ಲಿ, ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಜನ ಸಾಗಬಹುದು. ಮೆಟ್ಟಿಲಾದರೆ 66 ಮಾತ್ರ. ಎಲ್ಲರೂ 8 ನಿಮಿಷದೊಳಗೆ ಹೊರದಾರಿ ಸೇರಬೇಕು. ಹಾಗಾದರೆ ಒಂದು ಮೀಟರ್ ಅಗಲದ ಸಮತಟ್ಟು ದಾರಿಯಲ್ಲಿ 8 ನಿಮಿಷಕ್ಕೆ 656 ಜನ. 32,800 ಜನರಿಗೆ ಒಟ್ಟು 50 ಮೀಟರ್ ಅಗಲದ ದಾರಿ ಬೇಕು. ಐದನೇ ತರಗತಿಯ ಭಾಗಾಕಾರ. ಆದರೆ ಇದನ್ನು ಮಾಡದೆ ಟಿಕೆಟ್ ಮಾರುವ ಹಾಗಿಲ್ಲ.

ನಮ್ಮ ಊರಿನ ದುಃಖ

ಇದನ್ನು ಈಗ ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂದು ನಿಮ್ಮ ಮನೆಯ ಹಿರಿಯರಿಗೆ ತಿಳಿದಿರುತ್ತದೆ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಬೆಂಗಳೂರಿನ ತಂಡ ಮೊದಲ ಬಾರಿ ಐಪಿಎಲ್ ಕಪ್ ಗೆದ್ದಿತು. ಮರುದಿನ, ಜೂನ್ 4ರಂದು, ಗೆದ್ದವರನ್ನು ನೋಡಲು ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಜನಸಾಗರವೇ ಸೇರಿತು. ಆ ಕ್ರೀಡಾಂಗಣದಲ್ಲಿ ಕೂರಬಹುದಾದವರು ಸುಮಾರು 35 ಸಾವಿರ. ಬಂದವರು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಗೇಟುಗಳ ಬಳಿ ನೂಕುನುಗ್ಗಲಾಗಿ 11 ಜನ ತೀರಿಕೊಂಡರು. ಬಹುತೇಕ ಎಲ್ಲರೂ ಚಿಕ್ಕ ವಯಸ್ಸಿನವರು. ಅವರಲ್ಲಿ ಶಾಲೆಗೆ ಹೋಗುವ ಹುಡುಗಿಯೂ ಇದ್ದಳು.

ಆಮೇಲೆ ಸರ್ಕಾರ ನೇಮಿಸಿದ ನಿವೃತ್ತ ನ್ಯಾಯಮೂರ್ತಿಗಳ ಆಯೋಗವು, ಆ ಕ್ರೀಡಾಂಗಣದ ಈಗಿನ ರಚನೆ ಭಾರೀ ಜನಸಂದಣಿಗೆ ತಕ್ಕುದಲ್ಲ ಎಂದು ಹೇಳಿತು. ಅದೇ ವರ್ಷ ಬೆಂಗಳೂರಿನಲ್ಲಿ ನಡೆಯಬೇಕಿದ್ದ ಮಹಿಳಾ ವಿಶ್ವಕಪ್ ಪಂದ್ಯಗಳು ನವಿ ಮುಂಬೈಗೆ ಹೋದವು.

ಇದು 1974ರ ನವೆಂಬರ್‌ನಲ್ಲಿ ಮೊದಲ ಟೆಸ್ಟ್ ನಡೆದ ಮೈದಾನ. ವೆಸ್ಟ್ ಇಂಡೀಸ್‌ನ ವಿವಿಯನ್ ರಿಚರ್ಡ್ಸ್ ಮತ್ತು ಗಾರ್ಡನ್ ಗ್ರೀನಿಜ್ ತಮ್ಮ ಮೊದಲ ಟೆಸ್ಟ್ ಆಡಿದ್ದು ಅಲ್ಲೇ, ಅದೇ ಪಂದ್ಯದಲ್ಲಿ. ಅಜ್ಜನನ್ನು ಕೇಳಿ, ರೇಡಿಯೋದಲ್ಲಿ ವಿವರಣೆ ಕೇಳಿದ ನೆನಪಿರಬಹುದು. ಅಂದು ಕಟ್ಟಿದವರು ಅಂದಿನ ಬೆಂಗಳೂರನ್ನು ನೋಡಿ ಕಟ್ಟಿದರು. ಊರು ಬೆಳೆಯಿತು, ಸುತ್ತಲ ರಸ್ತೆಗಳು ತುಂಬಿದವು, ಮೊಬೈಲಿನಲ್ಲಿ ಒಂದು ಸುದ್ದಿ ಬಂದರೆ ಗಂಟೆಯೊಳಗೆ ಲಕ್ಷ ಜನ ಸೇರುವ ಕಾಲ ಬಂತು.  ಹೊಸ ಕಾಲಕ್ಕೆ ಹೊಸ ಲೆಕ್ಕ ಹಾಕುವವರು ಬೇಕು.

ವ್ಯಾಪಾರ ಬೇರೆ, ಸುರಕ್ಷತೆ ಬೇರೆ ಎಂದು ಕೆಲವರು ತಿಳಿಯುತ್ತಾರೆ. ಹಾಗಲ್ಲ. ಸ್ಟೇಡಿಯಂ ಮಾರುವುದು ಕುರ್ಚಿಯನ್ನಲ್ಲ, ನಂಬಿಕೆಯನ್ನು. “ಮಗುವನ್ನು ಕರೆದುಕೊಂಡು ಹೋಗು, ಇಬ್ಬರೂ ನಗುತ್ತಾ ಮನೆಗೆ ಬರುತ್ತೀರಿ” ಎಂಬ ನಂಬಿಕೆ. ಅದು ಹೋದರೆ ಪಂದ್ಯವೂ ಹೋಗುತ್ತದೆ, ಹಣವೂ ಹೋಗುತ್ತದೆ.

ಮೇಜಿನ ಮೇಲಿನ ಆಟ

ಈ ತರಬೇತಿ ಹೇಗಿರುತ್ತದೆ? ಪುಸ್ತಕ ಓದುವುದು ಇದ್ದೇ ಇರುತ್ತದೆ. ಅದರ ಜೊತೆ ಒಂದು ಸ್ವಾರಸ್ಯದ ಅಭ್ಯಾಸವಿದೆ. ದೊಡ್ಡ ಮೇಜಿನ ಮೇಲೆ ಸ್ಟೇಡಿಯಂ ನಕ್ಷೆ ಹರಡುತ್ತಾರೆ. ಸುತ್ತ ಕುಳಿತವರಲ್ಲಿ ಒಬ್ಬರು ಮ್ಯಾನೇಜರ್, ಒಬ್ಬರು ಪೊಲೀಸ್, ಒಬ್ಬರು ವೈದ್ಯರು, ಒಬ್ಬರು ಮೈಕಿನಲ್ಲಿ ಮಾತಾಡುವವರು. ಗುರುಗಳು ಹೇಳುತ್ತಾರೆ: “ಸಂಜೆ 7 ಗಂಟೆ 40 ನಿಮಿಷ. ಸ್ಟೇಡಿಯಂ ಭರ್ತಿ. ಇದ್ದಕ್ಕಿದ್ದಂತೆ ದೀಪ ಆರಿತು. ಈಗ ಏನು ಮಾಡುತ್ತೀರಿ?” ಒಬ್ಬೊಬ್ಬರೂ ತಮ್ಮ ಕೆಲಸ ಹೇಳಬೇಕು. ಅಷ್ಟರಲ್ಲಿ ಗುರುಗಳು ಇನ್ನೊಂದು ಬಾಂಬ್ ಹಾಕುತ್ತಾರೆ: “ಉತ್ತರದ ಗೇಟಿನ ಬೀಗದ ಕೈ ಸಿಗುತ್ತಿಲ್ಲ!” ಹೀಗೆ ತಪ್ಪುಗಳನ್ನೆಲ್ಲ ಮೇಜಿನ ಮೇಲೆಯೇ ಮಾಡಿ ಮುಗಿಸಿದರೆ, ನಿಜವಾದ ದಿನ ತಪ್ಪಾಗುವುದು ಕಡಿಮೆ.

ಅಂಥ ದಿನ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಸೂಪರ್‌ಡೋಮ್‌ಗೆ ನಿಜಕ್ಕೂ ಬಂತು. 2013ರ ಫೆಬ್ರುವರಿ 3. ಆ ದೇಶದ ಅತಿ ದೊಡ್ಡ ಪಂದ್ಯ ‘ಸೂಪರ್ ಬೌಲ್’ ನಡೆಯುತ್ತಿತ್ತು. ಒಳಗೆ 70 ಸಾವಿರಕ್ಕೂ ಹೆಚ್ಚು ಜನ. ಆಟದ ನಡುವೆ ಅರ್ಧ ಸ್ಟೇಡಿಯಂ ಕತ್ತಲಾಯಿತು. ವಿದ್ಯುತ್ ಕಾಯುವ ಒಂದು ಉಪಕರಣವೇ ಕೈಕೊಟ್ಟಿತ್ತು. ತುರ್ತು ದೀಪಗಳು ಉರಿದವು. ಆಟ 34 ನಿಮಿಷ ನಿಂತಿತು. ಜನ ಕುಳಿತಲ್ಲೇ ಇದ್ದರು, ಕೆಲವರು ಹಾಡಿದರು, ಕುಣಿದರು. ದೀಪ ಬಂತು, ಪಂದ್ಯ ಮುಗಿಯಿತು, ಎಲ್ಲರೂ ಮನೆಗೆ ಹೋದರು. ನೆನಪಿಡಿ, ಇದು 2005ರ ಕತ್ರಿನಾ ಚಂಡಮಾರುತದಲ್ಲಿ ಸಾವಿರಾರು ನಿರಾಶ್ರಿತರಿಗೆ ನೆರಳಾಗಿ, ಚಾವಣಿಯೇ ಕಿತ್ತುಹೋಗಿದ್ದ ಸ್ಟೇಡಿಯಂ. ಅಲ್ಲಿನವರು ಕಷ್ಟದ ಪಾಠ ಮೊದಲೇ ಕಲಿತಿದ್ದರು.

ಎಲ್ಲಿ ಕಲಿಸುತ್ತಾರೆ?

ಅಮೆರಿಕದಲ್ಲಿ ಸಭಾಂಗಣ, ಸ್ಟೇಡಿಯಂಗಳ ವ್ಯವಸ್ಥಾಪಕರು 1924ರಲ್ಲೇ ಸಂಘ ಕಟ್ಟಿಕೊಂಡರು. ಆ ಸಂಘ ಒಂದು ಶಾಲೆಯನ್ನೂ ನಡೆಸುತ್ತದೆ. ಕೆಲಸದಲ್ಲಿರುವವರೇ ಅಲ್ಲಿ ವಿದ್ಯಾರ್ಥಿಗಳು. ಫುಟ್‌ಬಾಲ್‌ನ ಜಾಗತಿಕ ಸಂಸ್ಥೆ ಫಿಫಾ ಹೆಸರಿನ ಸ್ನಾತಕೋತ್ತರ ಕೋರ್ಸು 2000ದಲ್ಲಿ ಶುರುವಾಯಿತು. ಅದರ ತರಗತಿಗಳು ಇಂಗ್ಲೆಂಡಿನ ಲೆಸ್ಟರ್, ಇಟಲಿಯ ಮಿಲಾನ್, ಸ್ವಿಟ್ಜರ್ಲೆಂಡಿನ ನ್ಯೂಶಟೆಲ್ ಹೀಗೆ ಮೂರು ಊರುಗಳಲ್ಲಿ. ಕ್ರೀಡೆಯ ಚರಿತ್ರೆ, ಹಣಕಾಸು, ಕಾನೂನು ಮೂರನ್ನೂ ಓದಬೇಕು.

ನಮ್ಮ ದೇಶದಲ್ಲೂ ಇದೆ. ಮುಂಬೈಯಲ್ಲಿ ಕ್ರೀಡಾ ನಿರ್ವಹಣೆ ಕಲಿಸುವ ಸಂಸ್ಥೆಯೊಂದನ್ನು 2010ರಲ್ಲಿ ಆರಂಭಿಸಿದವರು ಮಾಜಿ ಕ್ರಿಕೆಟಿಗ ನೀಲೇಶ್ ಕುಲಕರ್ಣಿ. ಅವರ ಕಥೆ ಅಜ್ಜಂದಿರಿಗೆ ಗೊತ್ತಿರಬಹುದು. 1997ರಲ್ಲಿ ಕೊಲಂಬೊದಲ್ಲಿ ಮೊದಲ ಟೆಸ್ಟ್ ಆಡಿದ ಅವರು, ಎಸೆದ ಮೊದಲನೇ ಚೆಂಡಿನಲ್ಲೇ ವಿಕೆಟ್ ಪಡೆದರು. ಹಾಗೆ ಮಾಡಿದ ಮೊದಲ ಭಾರತೀಯ! ಆಮೇಲೆ ಆ ಇನಿಂಗ್ಸ್‌ನಲ್ಲಿ ಅವರು 70 ಓವರ್ ಎಸೆದರೂ ಇನ್ನೊಂದು ವಿಕೆಟ್ ಸಿಗಲಿಲ್ಲ. ಶ್ರೀಲಂಕಾ 6 ವಿಕೆಟ್‌ಗೆ 952 ರನ್ ಹೊಡೆಯಿತು. ಒಟ್ಟು ಅವರು ಆಡಿದ್ದು ಮೂರೇ ಟೆಸ್ಟ್. ಆದರೆ ಆಟದ ಸುತ್ತಲಿನ ಕೆಲಸಗಳಿಗೆ ಜನರನ್ನು ತಯಾರು ಮಾಡುವ ದಾರಿ ಹಿಡಿದರು. ಹರಿಯಾಣದ ರೋಹ್ಟಕ್‌ನ ಐಐಎಂನಲ್ಲೂ ಕ್ರೀಡಾ ನಿರ್ವಹಣೆಯ ಡಿಪ್ಲೊಮಾ ಇದೆ. ಮೊದಲು ಯಾವುದಾದರೂ ಪದವಿ ಮುಗಿಸಿ, ಆಮೇಲೆ ಇಂಥ ಕೋರ್ಸಿಗೆ ಸೇರುವವರೇ ಹೆಚ್ಚು. ವಾಣಿಜ್ಯ ಓದಿದವರೂ ಬರುತ್ತಾರೆ, ಎಂಜಿನಿಯರುಗಳೂ ಬರುತ್ತಾರೆ.

ಪತ್ರ ಬರೆದ ಹುಡುಗನಿಗೆ ಒಂದು ಮಾತು. ಅದಕ್ಕೆ ಇನ್ನೂ ಹತ್ತು ವರ್ಷ ಕಾಯಬೇಕಿಲ್ಲಪ್ಪ. ನಿಮ್ಮ ಶಾಲೆಯ ಕ್ರೀಡಾದಿನಕ್ಕೆ ದೈಹಿಕ ಶಿಕ್ಷಕರ ಬಳಿ ಹೋಗಿ, “ಸಾರ್, ನಾನು ವ್ಯವಸ್ಥೆ ನೋಡಿಕೊಳ್ಳುತ್ತೇನೆ” ಎನ್ನು. ಓಟದ ಗೆರೆ ಯಾವಾಗ ಹಾಕಬೇಕು, ಕುಡಿಯುವ ನೀರು ಎಲ್ಲಿಡಬೇಕು, ಚಿಕ್ಕ ತರಗತಿಯವರು ಬಿಸಿಲಿನಲ್ಲಿ ಕೂರದಂತೆ ಏನು ಮಾಡಬೇಕು, ಪೋಷಕರ ಸ್ಕೂಟರು ಎಲ್ಲಿ ನಿಲ್ಲಬೇಕು. ಇದೇ ಮೊದಲ ಪಾಠ. ಕ್ಯಾಚ್ ಬಿಟ್ಟರೂ ಈ ಕೆಲಸ ಕೈಬಿಡಬೇಡ.

ಇನ್ನೊಂದು ವಿಷಯ. ಸ್ಟೇಡಿಯಂ ಎಂದರೆ ಬೆಂಗಳೂರು, ಮುಂಬೈಯ ದೊಡ್ಡವು ಮಾತ್ರವಲ್ಲ. ನಮ್ಮ ಜಿಲ್ಲೆಗಳಲ್ಲಿ ಜಿಲ್ಲಾ ಕ್ರೀಡಾಂಗಣಗಳಿವೆ. ಬೆಳಿಗ್ಗೆ ಅಲ್ಲಿ ಅಜ್ಜ ಅಜ್ಜಿಯರು ನಡೆಯುತ್ತಾರೆ, ಸಂಜೆ ಬಡ ಮನೆಯ ಹುಡುಗಿ ಬರಿಗಾಲಲ್ಲಿ ಓಟ ಕಲಿಯುತ್ತಾಳೆ, ಸ್ವಾತಂತ್ರ್ಯ ದಿನಕ್ಕೆ ಧ್ವಜ ಹಾರುತ್ತದೆ. ಬಾಡಿಗೆ ಬರುತ್ತದೆಂದು ವರ್ಷವಿಡೀ ಮೇಳಗಳಿಗೇ ಕೊಟ್ಟುಬಿಟ್ಟರೆ ಆ ಹುಡುಗಿ ಎಲ್ಲಿ ಓಡಬೇಕು? ಬಾಡಿಗೆಯೇ ಬೇಡವೆಂದರೆ ದೀಪಕ್ಕೆ, ನೀರಿಗೆ ಹಣ ಎಲ್ಲಿಂದ? ಇವೆರಡನ್ನೂ ತಕ್ಕಡಿಯಲ್ಲಿಟ್ಟು ಸಮ ಮಾಡುವವರೇ ಒಳ್ಳೆಯ ವ್ಯವಸ್ಥಾಪಕರು.

ಈ ವಾರ ಮಾಡಿ ನೋಡಿ

1. ಅಂಗಳದಲ್ಲಿ ಸೀಮೆಸುಣ್ಣದಿಂದ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಬರೆಯಿರಿ. ಮೊದಲು ಇಬ್ಬರು ನಿಲ್ಲಿ, ಆಮೇಲೆ ಮೂವರು, ಆಮೇಲೆ ನಾಲ್ವರು. ತಿರುಗಲು ಜಾಗವಿದೆಯೇ? ನಾಲ್ಕಕ್ಕೇ ನಿಲ್ಲಿಸಿ. ನಿಂತು ನೋಡುವ ಜಾಗದಲ್ಲಿ ಹತ್ತು ಚದರ ಮೀಟರಿಗೆ 47 ಜನಕ್ಕಿಂತ ಹೆಚ್ಚು ಇರಬಾರದು ಎಂದು ಗ್ರೀನ್ ಗೈಡ್ ಹೇಳುವುದು ಯಾಕೆಂದು ಮೈಗೇ ಗೊತ್ತಾಗುತ್ತದೆ.

2. ಅಜ್ಜ ಅಜ್ಜಿಯನ್ನು ಕೇಳಿ: ಅವರ ಊರಿನ ಜಾತ್ರೆಯಲ್ಲಿ ತೇರು ಎಳೆಯುವಾಗ ಜನರಿಗೆ ದಾರಿ ಬಿಡಿಸುತ್ತಿದ್ದವರು ಯಾರು? ಮಕ್ಕಳು ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಎಂದು ಹೇಳಿರುತ್ತಿದ್ದರು? ಅವರ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

3. ಜಾತ್ರೆಗೋ ಪಂದ್ಯಕ್ಕೋ ಹೊರಡುವ ಮುಂಚೆ ಮನೆಯವರೆಲ್ಲ ಸೇರಿ ಒಂದು ಗುರುತಿನ ಜಾಗ ಗೊತ್ತುಮಾಡಿ. ಒಳಗೆ ಹೋದ ಕೂಡಲೇ ಹೊರಬರುವ ಎರಡು ದಾರಿ ನೋಡಿಟ್ಟುಕೊಳ್ಳಿ. ಗುಂಪು ಒತ್ತತೊಡಗಿದರೆ ಎರಡೂ ಕೈಗಳನ್ನು ಎದೆಯ ಮುಂದೆ ಮಡಚಿ ಹಿಡಿಯಿರಿ. ಬಿದ್ದ ಚಪ್ಪಲಿಗೆ ಬಗ್ಗಬೇಡಿ. ಗುಂಪಿನ ವಿರುದ್ಧ ನುಗ್ಗದೆ, ಅದರ ಜೊತೆಗೇ ಸಾಗುತ್ತಾ ಓರೆಯಾಗಿ ಅಂಚಿನ ಕಡೆಗೆ ಬನ್ನಿ. ಗೋಡೆ, ಬೇಲಿಯ ಹತ್ತಿರ ಮಾತ್ರ ಸಿಕ್ಕಿಕೊಳ್ಳಬೇಡಿ.

4. ಒಂದು ಲೆಕ್ಕ: ನಿಮ್ಮ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ? ಗೇಟು ಎಷ್ಟು ಮೀಟರ್ ಅಗಲ? ನಿಮಿಷಕ್ಕೆ ಒಂದು ಮೀಟರಿಗೆ 82 ಜನರಂತೆ, ಸಂಜೆ ಗಂಟೆ ಹೊಡೆದ ಮೇಲೆ ಎಲ್ಲರೂ ಹೊರಬರಲು ಎಷ್ಟು ಹೊತ್ತು ಬೇಕು? ಲೆಕ್ಕ ಹಾಕಿ, ಆಮೇಲೆ ಗಡಿಯಾರ ಹಿಡಿದು ನೋಡಿ. ಎರಡೂ ಹೊಂದದಿದ್ದರೆ ಯಾಕೆಂದು ಯೋಚಿಸಿ ನಮಗೆ ಬರೆಯಿರಿ. ಗೇಟಿನ ಒಂದು ಬಾಗಿಲು ಯಾವಾಗಲೂ ಮುಚ್ಚಿಯೇ ಇರುತ್ತದೆ ಎಂದು ಗೊತ್ತಾದರೆ, ಮುಖ್ಯೋಪಾಧ್ಯಾಯರಿಗೂ ಹೇಳಿ.